ಪೂಡಲ್ ಪರೀಕ್ಷೆಯಲ್ಲಿ ನೂರಕ್ಕೆ ನೂರು

ನಾಯಿಮರಿ ಫೋಟೊ ಕಂಡ ಕೂಡಲೇ ಹಾರ್ಟ್ ಒತ್ತಿ ಮುಂದೆ ಹೋಗೋರು ನಾವೆಲ್ಲ... ಇವತ್ತು ಒಂದೈದು ನಿಮಿಷ ನಿಲ್ಲಿ. ಇದು ನಮ್ಮ ಪಕ್ಕದ ಮನೆಯ ಕಥೆ.

ತುಮಕೂರಿನ ನಮ್ಮ ಬೀದಿಯಲ್ಲಿ ಪಂಚಾಕ್ಷರಿ ಮೇಷ್ಟ್ರ ಗಣಿತದ ಟ್ಯೂಷನ್ ಅಂದ್ರೆ ಬಹಳ ಹೆಸರು. ಅವರಿಗೆ ಒಬ್ಬಳೇ ಮಗಳು, ಮನಸ್ವಿ... ಏಳನೇ ಕ್ಲಾಸು.

ಮೇಷ್ಟ್ರು ಕೆಟ್ಟವರಲ್ಲ. ಆದರೆ ಎಲ್ಲದಕ್ಕೂ ಮಾರ್ಕ್ಸ್ ಹಾಕುವ ಹುಚ್ಚು. ಹೆಂಡತಿ ವೇದಾ ಮಾಡಿದ ಸಾರಿಗೂ ಹತ್ತಕ್ಕೆ ಏಳು ಅನ್ನೋ ಆಸಾಮಿ!

ಮನಸ್ವಿಗೆ ನಾಯಿ ಅಂದ್ರೆ ಪ್ರಾಣ... ಆದರೆ ನಾಯಿ ಹತ್ತಿರ ಹೋದರೆ ಸಾಕು, ಸೀನು, ಕಣ್ಣುರಿ, ಒಮ್ಮೊಮ್ಮೆ ಉಬ್ಬಸ.

ಮೇಷ್ಟ್ರು ಒಂದು ತಿಂಗಳು ಮೊಬೈಲ್ ಜಾಲಾಡಿದರು. ಲ್ಯಾಬ್ರಡಾರ್ ಬೇಡ, ಪಗ್ ಬೇಡ... ಕೊನೆಗೆ, ಕೂದಲು ಅಷ್ಟಾಗಿ ಉದುರದ ಪೂಡಲ್ ಆಗಬಹುದು ಅಂತ ತೀರ್ಮಾನಿಸಿದರು.

ಮನಸ್ವಿಯನ್ನು ನೋಡುತ್ತಿದ್ದ ಡಾಕ್ಟರಮ್ಮ ಒಪ್ಪಲಿಲ್ಲ. "ಅಲರ್ಜಿ ಬರೋದು ಬರೀ ಕೂದಲಿಂದ ಅಲ್ಲ ಮೇಷ್ಟ್ರೇ. ಜೊಲ್ಲಲ್ಲೂ ಇರುತ್ತೆ, ಚರ್ಮದ ಹೊಟ್ಟಲ್ಲೂ ಇರುತ್ತೆ. ಯಾವ ತಳಿಗೂ ಗ್ಯಾರಂಟಿ ಇಲ್ಲ. ತರಲೇಬೇಕು ಅಂದ್ರೆ, ನೀವು ತರೋ ನಾಯಿ ಜೊತೆನೇ ನಾಲ್ಕು ಭಾನುವಾರ ಮಗೂನ ಕೂರಿಸಿ ನೋಡಿ. ಆಗ ಅಲರ್ಜಿ ಮಾತ್ರೆ ಕೊಡಬೇಡಿ... ಕೊಟ್ರೆ ಏನೂ ಗೊತ್ತಾಗಲ್ಲ."

ಎಷ್ಟು ಒಳ್ಳೆಯ ಸಲಹೆ! ಆದರೆ ನಮ್ಮ ಮೇಷ್ಟ್ರು ಅದನ್ನೂ ಒಂದು ಪರೀಕ್ಷೆಯನ್ನಾಗಿ ಮಾಡಿಬಿಟ್ಟರು...

ತೊಂದರೆ ಕಾಣದಿದ್ದರೆ ಪೂರ್ತಿ ಮಾರ್ಕ್ಸ್... ಸೀನಿಗೆ ಇಪ್ಪತ್ತೈದು, ಕಣ್ಣಿಗೆ ಇಪ್ಪತ್ತೈದು, ಗಂಟಲಿಗೆ ಇಪ್ಪತ್ತೈದು, ಚರ್ಮಕ್ಕೆ ಇಪ್ಪತ್ತೈದು. "ತೊಂಬತ್ತು ದಾಟಿದ್ರೆ ನಾಯಿ ನಿಂದು!"

ಸಿರಾಗೇಟ್ ಹತ್ತಿರ ಪೂಡಲ್ ಮರಿಗಳಿದ್ದ ಒಂದು ಮನೆಗೆ ಹೋದರು. ಕಂದು ಬಣ್ಣದ ಗುಂಗುರು ಕೂದಲಿನ ಮರಿಯೊಂದು ಓಡಿಬಂದು ಮನಸ್ವಿ ತೊಡೆ ಏರಿತು. ಅವಳು ಆಗಲೇ ಗುಂಡಪ್ಪ ಅಂತ ಹೆಸರಿಟ್ಟಳು. ಎದುರಿಗೆ ನೋಟ್‌ಬುಕ್ ಹಿಡಿದ ಅಪ್ಪ!

ಮೊದಲ ಭಾನುವಾರ ಹನ್ನೊಂದು ಸೀನು... ಕಣ್ಣು ಕೆಂಪು. "ಐವತ್ತೆಂಟು!" ಅಂದರು ಮೇಷ್ಟ್ರು. ಮನೆಗೆ ಬರುವ ದಾರಿಯಲ್ಲಿ ಒಂದು ಮಾತಿಲ್ಲ.

ಎರಡನೇ ಭಾನುವಾರ ತೊಂಬತ್ತೈದು. ಮೂರು ಮತ್ತು ನಾಲ್ಕನೇ ವಾರ ನೂರಕ್ಕೆ ನೂರು!

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಸ್ಟೇಟಸ್ ಹಾಕಿದರು... ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನಾನೂ ತಿಂದೆ. ಗುಂಡಪ್ಪ ಮನೆಗೆ ಬಂದ.

ನಮ್ಮ ಬಚ್ಚಲಿಗೂ ಅವರ ಬಚ್ಚಲಿಗೂ ನಡುವೆ ಒಂದೇ ಗೋಡೆ. ಎರಡು ವಾರ ಕಳೆದ ಮೇಲೆ ದಿನಾ ಬೆಳಿಗ್ಗೆ ಒಂದು ಸದ್ದು ಕೇಳತೊಡಗಿತು. ನಲ್ಲಿ ಜೋರಾಗಿ ಬಿಟ್ಟುಕೊಂಡು ಯಾರೋ ಕೆಮ್ಮುವ ಸದ್ದು...

ಒಂದು ದಿನ ಮನಸ್ವಿಯನ್ನು ಗೇಟಲ್ಲೇ ತಡೆದೆ. "ಏನೇ ಅದು ಕೆಮ್ಮು?"

ನನ್ನ ಕೈ ಹಿಡಿದುಕೊಂಡಳು. "ಆಂಟಿ, ಅಪ್ಪಂಗೆ ಹೇಳ್ಬೇಡಿ... ಪ್ಲೀಸ್. ಗುಂಡಪ್ಪನ್ನ ಕಳಿಸ್ಬಿಡ್ತಾರೆ. ಸ್ವಲ್ಪ ದಿನಕ್ಕೆ ಸರಿ ಹೋಗುತ್ತೆ."

ಹೇಳಲಿಲ್ಲ ನಾನು... ಮಗುವಿನ ಮುಖ ನೋಡಿ ಕರಗಿಬಿಟ್ಟೆ. ನನ್ನ ಕರುಣೆಗೆ ಬೆಂಕಿ ಹಾಕ!

ಅದಾದ ಆರನೇ ದಿನ, ಸಂಜೆ ನಾಲ್ಕು ಗಂಟೆ. ವೇದಾ ಚೀರಿದ್ದು ಕೇಳಿ ಓಡಿದೆ. ಮೆಟ್ಟಿಲ ಮೇಲೆ ಮನಸ್ವಿ ಬಿದ್ದಿದ್ದಳು. ತುಟಿ ನೀಲಿ... ಎದೆ ಏಳುತ್ತಲೇ ಇಲ್ಲ. ಗುಂಡಪ್ಪ ಅವಳ ಕೆನ್ನೆ ನೆಕ್ಕುತ್ತಿತ್ತು.

ಹನ್ನೊಂದು ದಿನ ಐಸಿಯು. ಜೀವ ಉಳಿಯಿತು. ಆದರೆ ಆಸ್ಪತ್ರೆ ಸೇರುವವರೆಗೂ ಮೆದುಳಿಗೆ ಆಕ್ಸಿಜನ್ ಸಿಗದೆ ಬಲಗೈ ಸ್ವಾಧೀನ ತಪ್ಪಿತು... ಮಾತು ತೊದಲಾಯಿತು. ಮೊದಲಿನಂತೆ ಆಗುವುದು ಕಷ್ಟ ಅಂದರು ಡಾಕ್ಟರಮ್ಮ.

ಸ್ಕೂಲ್ ಬ್ಯಾಗ್ ತೆಗೆದಾಗ ವೇದಾಗೆ ಸಿಕ್ಕಿದ್ದು ಅಲರ್ಜಿ ಮಾತ್ರೆಯ ಖಾಲಿ ಶೀಟುಗಳು. ಎರಡನೇ ಭಾನುವಾರದಿಂದ ಪರೀಕ್ಷೆಗೆ ಮೊದಲು ನುಂಗಿದ್ದು, ಆಮೇಲೆ ದಿನಾ ನುಂಗಿದ್ದು...

ಮೇಷ್ಟ್ರು ಶೀಟು ಹಿಡಿದು ಹಾಸಿಗೆ ಪಕ್ಕ ಕೂತರು. "ಯಾಕೆ ಪುಟ್ಟಾ... ಯಾಕೆ ಹೀಗ್ ಮಾಡ್ದೆ? ನಾಯಿಗೋಸ್ಕರಾನಾ?"

ಅವಳು ಒಂದೊಂದೇ ಮಾತು ಕೂಡಿಸಿ ಹೇಳಿದಳು. "ಮೊದಲ್ನೇ ವಾರ... ಕಮ್ಮಿ ಬಂತಲ್ಲಪ್ಪಾ... ನೀನು ಎರಡು ದಿನ... ನನ್ ಜೊತೆ ಮಾತೇ ಆಡ್ಲಿಲ್ಲ."

ಆ ಮನುಷ್ಯ ಅಳುವುದನ್ನು ಅವತ್ತೇ ಮೊದಲು ನೋಡಿದ್ದು ನಾನು. ಗೋಡೆಗೆ ಹಣೆ ಒತ್ತಿ ಅತ್ತರು... ನನಗೂ ತಡೆಯಲಾಗಲಿಲ್ಲ. ಎಲ್ಲರೆದುರೇ ನಾನು ಬಚ್ಚಿಟ್ಟ ಮಾತು ಹೇಳಿದೆ. ವೇದಾ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಅದು ನ್ಯಾಯವೇ.

ಗುಂಡಪ್ಪ ಸಿರಾಗೇಟ್ ಮನೆಗೇ ವಾಪಸ್ ಹೋಯಿತು. ಟ್ಯೂಷನ್ ನಿಂತಿತು.

ಈಗ ಮೇಷ್ಟ್ರು ದಿನಾ ಸಂಜೆ ಮಗಳನ್ನು ಅಂಗಳದಲ್ಲಿ ಕೂರಿಸಿಕೊಂಡು ಕೇಳ್ತಾರೆ, "ಹೇಗಿದೀಯಾ ಪುಟ್ಟಾ?"

"ಚೆನ್ನಾಗಿದೀನಪ್ಪಾ" ಅಂತಾಳೆ ಅವಳು, ನಗುತ್ತಲೇ...

ಅವರು ತಕ್ಷಣ ಬಗ್ಗಿ ಅವಳ ಬೆನ್ನಿಗೆ ಕಿವಿ ಇಟ್ಟು ಉಸಿರು ಆಲಿಸ್ತಾರೆ. ಒಮ್ಮೆ ನಾನು ಕೇಳಿಯೇಬಿಟ್ಟೆ, "ಮಗು ಚೆನ್ನಾಗಿದೀನಿ ಅಂತ ಬಾಯ್ಬಿಟ್ಟು ಹೇಳ್ತಿದೆಯಲ್ಲ ಮೇಷ್ಟ್ರೇ?"

"ನನಗೆ ಬೇಜಾರಾಗದೇ ಇರೋ ಉತ್ತರ ಯಾವುದು ಅಂತ ಅವಳಿಗೆ ಚೆನ್ನಾಗಿ ಗೊತ್ತಕ್ಕಾ," ಅಂದರು. "ನಿಜ ಏನು ಅಂತ ಅವಳ ಬಾಯಿಂದ ತಿಳ್ಕೊಳ್ಳೋ ಯೋಗ್ಯತೆ ನನಗೆ ಉಳಿದಿಲ್ಲ."

🙏

*"ನನಗೆ ಆಗ್ತಿಲ್ಲ" ಅನ್ನುವ ಮಗುವಿಗೆ ಮುಖ ತಿರುಗಿಸಿದರೆ, ಮುಂದೆ ಉಸಿರು ನಿಲ್ಲುವವರೆಗೂ ಅದು "ಆಗುತ್ತೆ" ಅಂತಲೇ ಹೇಳುತ್ತದೆ.*

ನಿಮ್ಮ ಮಗು ಇವತ್ತು "ಚೆನ್ನಾಗಿದೀನಿ" ಅಂದದ್ದು ನಿಜವಾಗಿಯೂ ಚೆನ್ನಾಗಿರುವುದಕ್ಕಾ... ಇಲ್ಲ, ನಿಮಗೆ ಹೆದರಿಕೊಂಡಾ?