ಚೊಕ್ಕಟ ಹಾಲು

ಕೆಚ್ಚಲು ಬಾವು ರೋಗಕ್ಕೆ ಯಾವ ರೋಗಾಣು ಕಾರಣವೆಂದು ಗೊತ್ತಾದರೆ ಮಾತ್ರ ಸರಿಯಾದ ಔಷಧಿ ಕೊಡಬಹುದು. ಪಶು ಆಸ್ಪತ್ರೆಯ ಡಾಕ್ಟರು ಚಿಕ್ಕತಾಯಮ್ಮನಿಂದ ಮೂರು ಸಲ ಹಾಲು ತರಿಸಿ ಪರೀಕ್ಷೆ ಮಾಡಿದರು. ಮೂರು ಸಲವೂ ಒಂದೇ ಒಂದು ರೋಗಾಣುವೂ ಸಿಗಲಿಲ್ಲ. ಅತ್ತ ಅವಳ ಹಸುವಿನ ಹಿಂದಿನ ಎಡ ಮೊಲೆ ದಿನೇ ದಿನೇ ಕಲ್ಲಾಗುತ್ತಿತ್ತು.

“ಹೀಗೇ ಬಿಟ್ರೆ ಆ ಮೊಲೆ ಬತ್ತಿಹೋಗುತ್ತಮ್ಮ. ಕರೆಯೋ ಮುಂಚೆ ಕೈ ತೊಳ್ಕೊಂಡ್ರಾ?”

“ಸೋಪಾಕಿ ತೊಳ್ದೆ ಸ್ವಾಮಿ.”

“ಮೊಲೆ ಒರೆಸಿದ್ರಾ?”

“ನೀವು ಕೊಟ್ಟಿದ್ ಹತ್ತೀಲೇ ಒರೆಸ್ದೆ.”

“ಮೊದಲ ನಾಲ್ಕು ಧಾರೆ ಚೆಲ್ಲಿದ್ರಾ?”

“ಚೆಲ್ದೆ. ಸೀಸೆ ಮುಚ್ಚಳದ ಒಳಕ್ಕೆ ಬೆರಳೂ ತಾಗಿಸ್ನಿಲ್ಲ.”

ಡಾಕ್ಟರು ತಲೆ ಕೆರೆದುಕೊಂಡರು. “ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಷ್ಟು ಚೊಕ್ಕಟವಾದ ಹಾಲನ್ನೇ ನಾನು ನೋಡಿಲ್ಲ. ಬಾವು ಬಂದಿರೋ ಮೊಲೇಲಿ ಇಂಥ ಹಾಲು ಹೇಗಮ್ಮ ಬರುತ್ತೆ?”

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು.

“ಬಾವು ಬಂದಿರೋ ಮೊಲೇದಾ? ದೊಡ್ಡೋರ ಕೈಗೆ ಅಂಥ ಹಾಲು ಕೊಡಕ್ಕಾಯ್ತದಾ ಸ್ವಾಮಿ? ಮೂರು ಸಲಾನೂ ಒಳ್ಳೆ ಮೊಲೇದ್ನೇ ಕರೆದು ತಂದಿವ್ನಿ.”