ಬೆಂಚು ಹತ್ತಿದವರು

‘ಅಲ್ಲಿ’, ‘ಅವರ’, ‘ಅವರು ಇದ್ದಾರೆ’. ಇಂಗ್ಲಿಷಿನಲ್ಲಿ ಮೂರಕ್ಕೂ ‘ದೇರ್’ ಎಂದೇ ಹೇಳಬೇಕು, ಬರೆಯುವುದು ಮಾತ್ರ ಬೇರೆ ಬೇರೆ. ಬೋರ್ಡಿನ ಮೇಲೆ ತಪ್ಪು ಬರೆದವರು ಬೆಂಚು ಹತ್ತಿ ನಿಲ್ಲಬೇಕೆಂದು ಸುಲೋಚನಾ ಮಿಸ್ ಸಾರಿದ್ದರು. ನೋಡನೋಡುತ್ತ ಕ್ಲಾಸಿಗೆ ಕ್ಲಾಸೇ ಬೆಂಚು ಹತ್ತಿತು. ಕೊನೆಗೆ, ಎಂದೂ ತಪ್ಪದ ತಸ್ಲೀಮಾಳೂ ತಪ್ಪು ಬರೆದು ಹತ್ತಿದಳು.

“ನಿಂಗೂ ಬರಲ್ವೇನೇ?”

“ನಿನ್ನೆ ಬರ್ತಿತ್ತು ಮಿಸ್.”

ಅವಳ ಕಣ್ಣು ಕಿಟಕಿಯ ಮೇಲಿತ್ತು. ಮಕ್ಕಳು ಹೊರಗೆ ನೋಡಬಾರದೆಂದು ಹೆಡ್‌ಮಾಸ್ಟರು ಕೆಳಗಿನ ಗಾಜುಗಳಿಗೆ ಬಣ್ಣ ಬಳಿಸಿದ್ದರು, ಮೇಲಿನವಕ್ಕಲ್ಲ. ಮೈದಾನದಿಂದ ವಿಷಲ್ ಕೇಳಿಸಿತು.

“ಏನೇ ಅದು?”

“ಕಬಡ್ಡಿ ಫೈನಲ್ ಮಿಸ್. ನಮ್ಮ ಏಳನೇ ಕ್ಲಾಸ್ ಅಕ್ಕಂದಿರು ಒಂದೇ ಪಾಯಿಂಟ್ ಹಿಂದಿದಾರೆ.”

ಮಿಸ್ ಬಾಗಿಲ ಕಡೆಗೊಮ್ಮೆ ನೋಡಿ, ಸೀಮೆಸುಣ್ಣ ಹಿಡಿದು ಬೋರ್ಡಿನತ್ತ ತಿರುಗಿದರು.

ಸ್ವಲ್ಪ ಹೊತ್ತಿಗೆ ಕೂಗಾಟ ಕೇಳಿ ಹೆಡ್‌ಮಾಸ್ಟರು ಬಂದರು.

“ಏನ್ರೋ ಇದು, ಎಲ್ಲಾ ಬೆಂಚ್ ಮೇಲೆ? ನಿಮ್ಮ ಮಿಸ್ ಎಲ್ಲಿ?”

ತಸ್ಲೀಮಾ ಹಿಂದಿನ ಬೆಂಚಿನತ್ತ ಕೈ ತೋರಿಸಿದಳು. ಅಲ್ಲಿ ಮಿಸ್ ಸೆರಗು ಸಿಕ್ಕಿಸಿ, ತುದಿಗಾಲಲ್ಲಿ ನಿಂತು, ಕಿಟಕಿಯಾಚೆ ನೋಡುತ್ತಿದ್ದರು.

“ಅವರೂ ತಪ್ಪು ಬರೆದ್ರು ಸಾರ್.”