ತೈಮೂರ್ ಮೇಷ್ಟ್ರು

ಒಂಬತ್ತನೇ ತರಗತಿಯ ಬಾಗಿಲ ಹಿಂದೆ ಸುಜಯೀಂದ್ರ ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗಿನ ಗದ್ದಲದಲ್ಲಿ ಅವರ ಕಿವಿ ಹುಡುಕುತ್ತಿದ್ದದ್ದು ಒಂದೇ ಹೆಸರನ್ನು. ಅದು ಕೇಳಿಸಲಿಲ್ಲ. ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದರು.

ಹುಟ್ಟಿನಿಂದಲೇ ಕುಂಟು ಕಾಲು, ಗುಡುಗಿನಂಥ ಗಂಟಲು. ಅಂಥವರು ಇತಿಹಾಸ ಕಲಿಸಿದರೆ ವೇಲಚೇರಿಯ ತಮಿಳು ಮಕ್ಕಳು ಸುಮ್ಮನೆ ಬಿಡುತ್ತಾರೆಯೇ? ದೆಹಲಿ ಸೂರೆಮಾಡಿದ ಕುಂಟ ದೊರೆಯ ಹೆಸರನ್ನೇ ಅಂಟಿಸಿದ್ದರು: ತೈಮೂರ್. ಎಷ್ಟೋ ತಂಡಗಳು ಪಾಸಾಗಿ ಹೋದವು, ಹೆಸರು ಮಾತ್ರ ಶಾಲೆ ಬಿಡಲಿಲ್ಲ.

ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ ಶ್ರೀಪ್ರಿಯಾ ಇದನ್ನು ಕೇಳಿ ಕೆಂಡವಾದರು. ಹಾಗೆ ಕರೆದವರ ಅಪ್ಪ ಅಮ್ಮನನ್ನು ಕರೆಸುವುದಾಗಿ ಪ್ರಾರ್ಥನೆಯ ವೇಳೆ ಗುಡುಗಿದರು. ಅಂದಿನಿಂದ ಶಾಲೆ ಗಪ್‌ಚುಪ್.

"ನಿಮ್ಮ ಕ್ಲಾಸಿನ ಪಸಂಗ ಇನ್ನು ಬಾಲ ಬಿಚ್ಚಲ್ಲ, ಸಾರ್. ಮೊದ್ಲು ಹೆಸರಿಟ್ಟೋನು ಯಾರೂಂತ ಗೊತ್ತಾ?" ಎಂದು ಬೆಳಿಗ್ಗೆಯಷ್ಟೇ ಅವರು ಮೇಷ್ಟ್ರನ್ನು ಕೇಳಿದ್ದರು.

"ಗೊತ್ತು. ಈಗ ಶಾಲೇಲಿಲ್ಲ."

"ಪಾಸಾಗಿ ಹೋದ್ನಾ?"

"ಇಲ್ಲ. ಅರ್ಧಕ್ಕೇ ಬಿಟ್ಟ."

"ಅಂಥೋನಿಗೆ ಆಗ್ಬೇಕಾದ್ದೇ!"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

"ಆ ತೈಮೂರ್ ಪಾಠಾನೂ ಬೇಡ ಸಾರ್. ಪುಸ್ತಕದಲ್ಲೇ ಇಲ್ಲ, ನೀವಾಗೇ ಯಾಕೆ ವಂಬು, ತಂಟೆ ಎಳ್ಕೊಳ್ತೀರಿ?"

"ಆಗ್ಲಿ" ಎಂದಿದ್ದರು. ಮಾತಿಗೆ ತಪ್ಪದ ಮನುಷ್ಯ ಇಂದು ತಪ್ಪಿದರು. ಅಡ್ಡಹೆಸರಿನ ದೊರೆಗಳ ಪಾಠವನ್ನೇ ಎತ್ತಿಕೊಂಡರು. ರಷ್ಯದ ಭಯಂಕರ ಇವಾನ್ ಬಂದ. ಜಗತ್ತನ್ನೇ ಗೆದ್ದವನೆಂದು ತನ್ನನ್ನು ತಾನೇ ಆಲಂಗೀರ್ ಎಂದು ಕರೆದುಕೊಂಡ ಔರಂಗಜೇಬ್ ಬಂದ. ಕೊನೆಗೆ ತೈಮೂರ್. ಬೋರ್ಡಿನ ಈ ತುದಿಯಿಂದ ಆ ತುದಿಗೆ ಮೇಷ್ಟ್ರು ಕಾಲನ್ನು ಬೇಕಾದ್ದಕ್ಕಿಂತ ಹೆಚ್ಚೇ ಎಳೆಯುತ್ತ ನಡೆದರು.

ಯಾರೂ ಕಿಸಕ್ ಎನ್ನಲಿಲ್ಲ.

ಗಂಟೆ ಹೊಡೆಯಿತು. ವರಾಂಡ ದಾಟುವಾಗ ಹಿಂದಿನಿಂದ ಹುಡುಗಿಯೊಬ್ಬಳ ಪಿಸುದನಿ ಬಂತು.

"ಏಯ್, ನಮ್ಮ ತೈಮೂರ್ ಪೋರಾರು ಡೀ, ಹೋಗ್ತಿದ್ದಾರೆ ನೋಡೇ!"

ತಡೆದಿದ್ದ ನಗು ಒಮ್ಮೆಲೇ ಸಿಡಿಯಿತು. ಮೇಷ್ಟ್ರು ಗಕ್ಕನೆ ನಿಂತರು. ಇಡೀ ತರಗತಿ ಹೆಪ್ಪುಗಟ್ಟಿತು. ಎದುರಿನಿಂದ ಶ್ರೀಪ್ರಿಯಾ ದಾಪುಗಾಲಿಟ್ಟು ಬಂದರು.

"ಯಾರದು? ಹೇಳಿ ಸಾರ್, ಈಗ್ಲೇ ಟಿ.ಸಿ. ಕೊಟ್ಟು ಕಳಿಸ್ತೀನಿ!"

"ನನಗೇನೂ ಕೇಳಿಸ್ಲಿಲ್ಲ, ಮೇಡಂ" ಎಂದ ಮೇಷ್ಟ್ರ ಕಣ್ಣು ತುಂಬಿತ್ತು.

ಇದೇ ತರಗತಿಯಲ್ಲಿ ಕೂತು ಆ ಹೆಸರನ್ನು ಮೊದಲು ಕೂಗಿದವನು ಅವರ ಒಬ್ಬನೇ ಮಗ ಪ್ರಮೋದ. ಆ ವರ್ಷದ ಡಿಸೆಂಬರಿನ ನೆರೆಯಲ್ಲಿ ಕೊಚ್ಚಿಹೋದ ಅವನು ಆಡಿದ ಮಾತುಗಳಲ್ಲಿ ಇನ್ನೂ ಮಕ್ಕಳ ಬಾಯಲ್ಲಿ ಬದುಕಿದ್ದದ್ದು ಅದೊಂದೇ.